ಗೋಡೆಯಾಚೆಯ ಸಿಟ್ಟು

ಕೇಳಿರಿ, ಕೇಳಿರಿ, ಮಹಾಜನಗಳೇ! ತಪ್ಪಾಯಿತು, ಮನೆ ಮಾಲೀಕರೇ. ನಾಟಕದವನ ಕೈಗೆ ಸಿಕ್ಕರೆ ಕಾಗದವೂ ಸಭೆಯನ್ನೇ ಕೂಗಿ ಕರೆಯುತ್ತದೆ.

ಬಿನ್ನಹ ಇಷ್ಟೇ: ಪಕ್ಕದ ಕೋಣೆಯ ಬೀಗದಕೈ ಬೇಕು. ಅಲ್ಲಿದ್ದ ಜಪಾನಿ ಭಾಷೆಯ ಮೇಡಂ ತೀರಿಕೊಂಡು ತಿಂಗಳಾಯಿತು, ಕೋಣೆ ಖಾಲಿ ಎನ್ನುತ್ತೀರಿ. ನಾನೂ ಹಾಗೇ ನಂಬಿದ್ದೆ.

ಹೊಸ ನಾಟಕದಲ್ಲಿ ನಾನು ಜಪಾನಿ ಸೇನಾಪತಿ. ಅವನ ಕೋಪದ ಮಾತನ್ನು ಮೇಡಮ್ಮೇ ಹೇಳಿಕೊಟ್ಟಿದ್ದರು. "ಬಸ್ಸು ತಡವಾದ್ರೆ 'ಇರಾಇರಾ', ಬರೀ ಕಿರಿಕಿರಿ. ಅವಮಾನ ಆದ್ರೆ 'ಹರಾ ಗ ತತ್ಸು', ಹೊಟ್ಟೆಯೊಳಗಿಂದ ಏಳೋ ಸಿಟ್ಟು. ಸಹನೆ ಕಡಿದುಹೋಗಿ ಮೈಮೇಲೇ ಬಿದ್ರೆ 'ಕಿರೇರು'. ಅದಲು ಬದಲು ಮಾಡಿದ್ರೆ ಜನ ನಗ್ತಾರೆ, ನಟರಾಯರೇ!"

ಸೋಮವಾರ ಮಧ್ಯಾಹ್ನ "ಇರಾಇರಾ" ಎಂದು ಗುಡುಗಿದೆ. ಗೋಡೆಯಾಚೆಯಿಂದ ಅದೇ ಪದ ಮೆಲ್ಲಗೆ ಬಂತು. ಪ್ರತಿಧ್ವನಿ ಎಂದುಕೊಂಡೆ. ಬುಧವಾರ ನಾನು ಬಾಯಿಯೇ ಬಿಟ್ಟಿರಲಿಲ್ಲ. ಆದರೂ "ಹರಾ ಗ ತತ್ಸು" ಎಂದು ಮೇಡಂ ದನಿ ಕೇಳಿತು. ಗೋಡೆಯ ಕನ್ನಡಿ ನಡುಗಿತು. ಇನ್ನು ಉಳಿದಿರುವುದು ಒಂದೇ ಪದ.

ಸಿಟ್ಟೇಕೆಂದು ನನಗೆ ಗೊತ್ತು. ಮೂವತ್ತು ವರ್ಷ ಕೂತು ಚೀಟಿಗಳಲ್ಲಿ ಬರೆದ ಅವರ ನಿಘಂಟಿನಿಂದ ಕೋಪದ ಪದಗಳ ಪೆಟ್ಟಿಗೆಯನ್ನು, ಅವರು ಆಸ್ಪತ್ರೆ ಸೇರಿದ ದಿನ, ಕೇಳದೆ ತಂದೆ. ನೋಡಲು ಹೋದಾಗ "ನನ್ನ ಚೀಟಿಪೆಟ್ಟಿಗೆ ಏನಾದ್ರೂ ಕಂಡ್ರಾ?" ಎಂದರು. "ಇಲ್ವಲ್ಲಾ ಮೇಡಂ, ನಾನ್ ನೋಡೇ ಇಲ್ಲ" ಎಂದೆ. ಅಷ್ಟು ಚೆನ್ನಾಗಿ ನಾನು ರಂಗದ ಮೇಲೂ ನಟಿಸಿಲ್ಲ.

ಬೀಗದಕೈಯನ್ನು ಸಂಜೆಯೊಳಗೆ ಕಳಿಸಿ. ಕಳಿಸದಿದ್ದರೂ ನಾಳೆ ಬೆಳಗ್ಗೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಆ ಬಾಗಿಲು ಬಡಿಯುತ್ತೇನೆ. ಅವರೇ ತೆಗೆಯಲಿ.

ಇತಿ ತಮ್ಮ ಬಾಡಿಗೆದಾರ,
ನಟ