ಮಣಲ್ಕಡವಿಗೆ ಹೋಗಿ ಬಂದದ್ದು

ಕುಶಾಲನಗರ, ಕೂರ್ಗ್ ರಾಜ್ಯ
೧೨ ಏಪ್ರಿಲ್ ೧೯೫೫

ಚಿ. ಸೌ. ತಂಗಿ ಸಿದ್ದಮ್ಮನಿಗೆ ಅಕ್ಕ ವನಜಮ್ಮನ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ತಲುಪಿದವು. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ದಿನಾ ಸಂಜೆ ಹಾಳೆ ಮುಂದಿಟ್ಟುಕೊಂಡು ಕೂರುವುದು, ನಿನ್ನ ಹೆಸರು ಬರೆಯುವುದು, ಎತ್ತಿಡುವುದು, ಹೀಗೇ ಒಂದು ತಿಂಗಳು ಕಳೆದುಹೋಯಿತು. ಕೋಪ ಮಾಡಿಕೊಳ್ಳಬೇಡ. ಕೊಣನೂರಿನಲ್ಲಿ ಎಲ್ಲರೂ ಕ್ಷೇಮವೆಂದು ತಿಳಿದು ಸಮಾಧಾನವಾಯಿತು. ನಿನ್ನ ಮಂಡಿನೋವಿಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕು, ಚಾಪೆಯ ಮೇಲೆ ಮಲಗಬೇಡ.

ಇಲ್ಲಿ ಪುಟ್ಟರಾಜ ಹೊಳೆದಂಡೆಯ ತುಂಡಿಗೆ ಈ ವರ್ಷ ಶುಂಠಿ ಹಾಕುತ್ತೇನೆ ಅನ್ನುತ್ತಿದ್ದಾನೆ. ಸೊಸೆಗೆ ಏಳು ತಿಂಗಳು. ಹುಳಿ ಕಂಡರೆ ಬಿಡುವುದಿಲ್ಲ, ಅಷ್ಟೇ, ಬೇರೆ ತೊಂದರೆ ಇಲ್ಲ. ಕೊಡಗನ್ನು ಮೈಸೂರಿಗೆ ಸೇರಿಸುತ್ತಾರೆಂದು ಸಂತೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಹಾಗಾದರೆ ನೀನೂ ನಾನೂ ಒಂದೇ ರಾಜ್ಯದವರಾಗುತ್ತೇವೆ.

ಈ ಕಾಗದವನ್ನು ಮಕ್ಕಳ ಕೈಲಿ ಓದಿಸಬೇಡ. ಎರಡು ದಿನ ಹಿಡಿದರೂ ನೀನೇ ಓದಿಕೊ. ನಾನು ಅಕ್ಷರ ಕಲಿತದ್ದು ಪುಟ್ಟರಾಜನ ಸ್ಲೇಟಿನ ಪಕ್ಕ ಕೂತು, ಅದಕ್ಕೇ ನನ್ನ ಅಕ್ಷರ ಇನ್ನೂ ಮಕ್ಕಳ ಅಕ್ಷರದ ಹಾಗೇ ದಪ್ಪ. ಓದಲು ಕಷ್ಟವಾಗದು.

ಇಪ್ಪತ್ತು ವರ್ಷದ ಹಿಂದೆ ನೀನು ದೊಡ್ಡಣ್ಣನ ಜೊತೆ ಸುಂಟಿಕೊಪ್ಪದ ತೋಟಕ್ಕೆ ನನ್ನನ್ನು ಕರೆದೊಯ್ಯಲು ಬಂದೆಯಲ್ಲ, ಆಗ ನಾನು ಕೂಲಿಮನೆಗಳ ಲೈನಿನ ಹಿಂದಿನ ತೋಡಿನ ಪಕ್ಕ ಒಂದು ಕಲ್ಲು ತೋರಿಸಿದ್ದೆ. ಹೊನ್ನಿ ಇಲ್ಲೇ ಇದ್ದಾಳೆ ಅಂದಿದ್ದೆ. ನಿನಗಾಗ ಹನ್ನೆರಡು ವರ್ಷ. ನೀನು ಕಲ್ಲನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಆ ಕಲ್ಲಿನ ಕೆಳಗೆ ಏನೂ ಇರಲಿಲ್ಲ, ಸಿದ್ದಿ. ನನ್ನ ಮಗು ಸತ್ತಿರಲಿಲ್ಲ. ಅವಳನ್ನು ಕೊಟ್ಟುಬಿಟ್ಟಿದ್ದೆ.

ಆ ವರ್ಷದ ಚಳಿಜ್ವರದ ವಿಷಯ ನೀನು ಕೇಳಿದ್ದೀಯೆ. ಹೊನ್ನಿಯ ಅಪ್ಪ ಒಂಬತ್ತು ದಿನ ನಡುಗಿ ಹೋಗಿಬಿಟ್ಟರು. ಆಮೇಲೆ ನಾನೂ ಮಲಗಿದೆ. ಎದೆಹಾಲು ಬತ್ತಿತು. ಲೈನಿನಲ್ಲಿ ನಮ್ಮ ಪಕ್ಕದ ಮನೆಯವರು ಮಲೆಯಾಳ ಸೀಮೆಯ ಸಮುದ್ರದ ಕಡೆಯ ಮಾಪಿಳ್ಳೆ ಸಾಬರು. ಪೋಕರ್ ತೋಟದ ಗಾಡಿ ಹೊಡೆಯುತ್ತಿದ್ದ. ಅವನ ಹೆಂಡತಿ ಕುಂಞಾಮಿ. ಅವಳ ಕೂಸು ತೀರಿಕೊಂಡು ಹದಿನೈದು ದಿನವಾಗಿತ್ತು. ಅವಳು ನನ್ನನ್ನು ಏನೂ ಕೇಳಲಿಲ್ಲ, ಹೊನ್ನಿಯನ್ನು ಎತ್ತಿಕೊಂಡು ಎದೆಗಿಟ್ಟುಕೊಂಡಳು. ನಾನು ಎದ್ದು ಕೂರುವಷ್ಟರಲ್ಲಿ ಮಗು ನನ್ನ ಹತ್ತಿರ ಬರಲು ಒಲ್ಲದೆ ಅಳುತ್ತಿತ್ತು.

ಆ ಹೊತ್ತಿಗೆ ಅಣ್ಣ ಮೊದಲ ಸಲ ಒಬ್ಬನೇ ಬಂದ. "ಕುಶಾಲನಗರದಲ್ಲಿ ಒಂದು ಗಂಡು ನೋಡಿವ್ನಿ. ಹೆಂಡ್ತಿ ತೀರ್‍ಕೊಂಡವ್ಳೆ, ಗದ್ದೆ ಐತೆ, ಪುಟ್ಟರಾಜ ಅಂತ ಒಬ್ಬ ಸಣ್ಣ ಮಗ ಅವ್ನೆ. ಮಗೀನ ಸುದ್ದಿ ಮಾತ್ರ ಎತ್ತಬ್ಯಾಡ, ಮಗಿ ಇಲ್ದಿದ್ರೆ ಒಪ್ಕತಾನೆ" ಅಂದ. ನಿನ್ನ ದೇವರಾಜು ಭಾವ ಹಾಗೆ ಹೇಳಿದ್ದರೋ, ಅಣ್ಣನೇ ಕಟ್ಟಿ ಹೇಳಿದ್ದನೋ, ನಾನು ವಿಚಾರಿಸಲಿಲ್ಲ. ಪೋಕರ್ ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ಒಂದು ಮಧ್ಯಾಹ್ನ ಗಾಡಿ ಕಟ್ಟಿದ. ನಾನೇ ಹೊನ್ನಿಯನ್ನು ಎತ್ತಿ ಕುಂಞಾಮಿಯ ಮಡಿಲಿಗೆ ಇಟ್ಟೆ. ಮಳೆಗಾಲ ಕಳೆಯಲಿ, ಬಂದು ಕರೆದುಕೊಂಡು ಹೋಗುತ್ತೇನೆ ಅಂದೆ. ಹೋಗಲಿಲ್ಲ. ಎಲ್ಲರಿಗೂ ಮಗು ಸತ್ತಿತೆಂದು ಹೇಳಿದೆವು. ಆ ಕಲ್ಲು ಅಣ್ಣ ಹುಡುಕಿ ತಂದದ್ದು.

ಇದಕ್ಕಿಂತ ಘೋರವಾದದ್ದು ಮುಂದೆ ನಡೆಯಿತು. ಪ್ರತಿವರ್ಷ ಯುಗಾದಿ ಕಳೆದ ಮೇಲೆ ನಿನ್ನ ಭಾವ ತಾವಾಗಿ ನನ್ನನ್ನು ಸುಂಟಿಕೊಪ್ಪಕ್ಕೆ ಕರೆದೊಯ್ಯುತ್ತಿದ್ದರು. ಕಲ್ಲು ತೊಳೆದು ಹೂವಿಟ್ಟು, "ನೀನು ಕರ್ಪೂರ ಹಚ್ಚು" ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಹಚ್ಚಿದೆ. ಹೋದ ಕಾರ್ತೀಕದಲ್ಲಿ ಕೊನೆಯ ಸಲ ಮಲಗಿದಾಗ, ನಾನು ಕಾಲು ಒತ್ತುತ್ತಿದ್ದೆ, ಸೂರು ನೋಡುತ್ತಾ ಹೇಳಿದರು: "ಆ ಮಗಿ ಬದುಕಿದ್ದಿದ್ರೆ ನಮ್ಮನೇಲೇ ಬೆಳೀತಿತ್ತು ಕಣೇ. ಒಂದು ಹೆಣ್ಣು ಕೂಸು ಇರ್ಲಿ ಅಂತ ನಂಗೂ ಆಸೆ ಇತ್ತು." ನಾನು ಒತ್ತುತ್ತಲೇ ಇದ್ದೆ.

ಅವರ ಕಾರ್ಯ ಮುಗಿದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ನಮ್ಮ ಸಂತೆಗೆ ಒಣಮೀನು ತರುವ ಅಂದ್ರು ಕಾಕ ಪೋಕರನ ಊರಿನವನೇ. ಊರಿನ ಹೆಸರು ಮಣಲ್ಕಡವು. ಪೋಕರ್ ತೀರಿಕೊಂಡ, ಕುಂಞಾಮಿ ಇದ್ದಾಳೆ, ಮಗಳೂ ಮೊಮ್ಮಕ್ಕಳೂ ಇದ್ದಾರೆ ಎಂದು ಹೇಳಿದ್ದ. ಬಿಟ್ಟಂಗಾಲದ ಗೆಳತಿ ಪೂವಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು ಪುಟ್ಟರಾಜನಿಗೆ ಸುಳ್ಳು ಹೇಳಿ, ಮಾರ್ಚ್ ತಿಂಗಳ ನಡುವೆ ಕಾಕನ ಜೊತೆ ಬಸ್ಸು ಹತ್ತಿದೆ. ಬಿಟ್ಟಂಗಾಲದ ಪಕ್ಕದಿಂದಲೇ ಹೋದದ್ದು ನಿಜ. ಕಾಫಿ ಹೂ ಬಿಟ್ಟಿತ್ತು. ಮಾಕುಟ್ಟದ ಘಾಟಿ ಇಳಿಯುತ್ತಿದ್ದಂತೆ ಆ ವಾಸನೆ ಹಿಂದೆ ಉಳಿದು, ಸೆಕೆ ಮುಖಕ್ಕೆ ಹೊಡೆಯಿತು. ಕಡವಿನಲ್ಲಿ ದೋಣಿಗೆ ಕಾಯುವಾಗ ಕಾಕ ಮೆಲ್ಲಗೆ ಹೇಳಿದ: "ವನಜಕ್ಕಾ, ನಮ್ಮ ಊರಲ್ಲಿ ಹೆಂಗಸ್ರು ಏನಾದ್ರೂ ಕೇಳಿದ್ರೆ ಗೊತ್ತಿಲ್ಲ ಅಂತ ಹೇಳಿ, ಸಾಕು. ಬೇಜಾರು ಮಾಡ್ಬೇಡಿ."

ಊರು ಅಂದರೆ ಒಂದು ಕಡೆ ಹಿನ್ನೀರು, ಒಂದು ಕಡೆ ಸಮುದ್ರ, ನಡುವೆ ಒಂದು ಮರಳಿನ ಪಟ್ಟಿ. ನಲವತ್ತು ಮನೆಗಳಿರಬಹುದು, ಎಲ್ಲ ತೆಂಗಿನಗರಿ ಹೊದಿಸಿದವು. ಹೆಂಚಿನದು ಮಸೀದಿ ಒಂದೇ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಹೂಳಿ ಕೊಳೆಸಿ, ಬಡಿದು ನಾರು ತೆಗೆದು ಹಗ್ಗ ಹೊಸೆಯುತ್ತಾರೆ. ಆ ಕೊಳೆತ ನೀರಿನ ವಾಸನೆ ಅನ್ನದಲ್ಲೂ ಇದೆ, ತಲೆಗೂದಲಲ್ಲೂ ಇದೆ. ಬೆಳಗಿನಿಂದ ಸಂಜೆಯವರೆಗೆ ಹೆಂಗಸರು ಸಾಲಾಗಿ ಕೂತು ಸಿಪ್ಪೆ ಬಡಿಯುವ ಸದ್ದು. ಗಂಡಸರ ದನಿ ಕೇಳಿಸುವುದು ಬಾಂಗಿನ ಹೊತ್ತಿಗೆ ಮಾತ್ರ. ಮಸೀದಿಯ ಪಕ್ಕದಲ್ಲೇ ಗೋರಿಗಳು. ಪ್ರತಿಯೊಂದರ ಮೇಲೂ ಗೋರಂಟಿ ಗಿಡ ನೆಟ್ಟಿದ್ದಾರೆ. ಗಾಳಿ ಬೀಸಿದರೆ ಅಲ್ಲಿ ಯಾರೋ ಪಿಸುಗುಟ್ಟುತ್ತಿರುವ ಹಾಗೆ ಕೇಳಿಸುತ್ತದೆ.

ಆ ಗೋರಿಗಳಲ್ಲಿ ಗಂಡಸರದು ಕಡಿಮೆಯಂತೆ. ರಂಗೂನಿಗೆ ಹೋದವರು, ಕೊಲಂಬಿಗೆ ಹೋದವರು, ನಮ್ಮ ಕೊಡಗಿನ ತೋಟಗಳಿಗೆ ಹತ್ತಿದವರು ಎಷ್ಟೋ ಜನ ತಿರುಗಿ ಬಂದಿಲ್ಲ. ಒಂದೊಂದು ಮನೆಯ ಜಗಲಿಯಲ್ಲೂ ನೀರಿನ ಕೊಡದ ಪಕ್ಕ ಒಂದು ಜೊತೆ ಮರದ ಪಾದುಕೆ ಇಟ್ಟಿರುತ್ತಾರೆ. ಬಾರದೆ ಇರುವವರದು. ಶುಕ್ರವಾರ ಶುಕ್ರವಾರ ತೊಳೆದು ಒಣಗಿಸುತ್ತಾರೆ. ಕೊಡಗಿನಿಂದ ಒಬ್ಬಳು ಬಂದಿದ್ದಾಳೆಂದು ತಿಳಿದು ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬ ಮುದುಕಿ, ಹಲ್ಲಿಲ್ಲ, ನನ್ನ ಕೈ ಹಿಡಿದು, ನಿಮ್ಮ ಸಂತೆಯಲ್ಲಿ ಎಡಗಾಲಿಗೆ ಆರು ಬೆರಳಿರುವ ಹುಡುಗನನ್ನು ನೋಡಿದ್ದೀಯಾ ಎಂದು ಕೇಳಿದಳು. ಅವನು ಮನೆ ಬಿಟ್ಟು ಮೂವತ್ತು ವರ್ಷವಾಯಿತಂತೆ, ಅವಳಿಗೆ ಇನ್ನೂ ಹುಡುಗ. ನೋಡಿಲ್ಲ ಅಂದೆ. ಸರಿ ಎಂದು ತಲೆಯಾಡಿಸಿ ಹೋದಳು. ಮಾರನೆಯ ದಿನ ಬಂದು ಮತ್ತೆ ಅದನ್ನೇ ಕೇಳಿದಳು. ಸಿದ್ದಿ, ಕಾಯುವವರ ಆ ಊರಿನಲ್ಲಿ, ಕಾಯಿಸಿದವಳು ನಾನೊಬ್ಬಳೇ ಕೂತಿದ್ದೆ.

ಕುಂಞಾಮಿ ಈಗ ಎದ್ದು ಓಡಾಡುವುದಿಲ್ಲ. ಒಳಕೋಣೆಯಲ್ಲಿ ಹಗ್ಗದ ಮಂಚದ ಮೇಲೆ ಮಲಗಿದ್ದಳು. ದಮ್ಮು, ಕೆಮ್ಮು. ಬಾಗಿಲಲ್ಲಿ ನನ್ನನ್ನು ಕಂಡು ಬಹಳ ಹೊತ್ತು ನೋಡಿದಳು. ಲೈನಿನಲ್ಲಿ ಕಲಿತ ಅವಳ ಭಾಷೆ ನನಗೆ ಇನ್ನೂ ಮರೆತಿಲ್ಲ, ಅವಳಿಗೂ ನಮ್ಮದು ಅಲ್ಪಸ್ವಲ್ಪ ಉಳಿದಿದೆ.

"ಮಳೆಗಾಲ ಮುಗೀತಾ ವನಜಾ?" ಅಂದಳು.

ಅವಳೇ ನನ್ನ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಹೊಟ್ಟೆಯಲ್ಲಿ ಹೊತ್ತವಳು ನಾನಲ್ಲ ಅಂತ ಅವಳಿಗೆ ಸಣ್ಣದರಲ್ಲೇ ಹೇಳಿದ್ದೇನೆ. ಊರಿಗೆಲ್ಲ ಗೊತ್ತು. ನೀನು ಯಾರು ಅಂತ ಮಾತ್ರ ಹೇಳಿಲ್ಲ. ಲೈನಿನ ಗೆಳತಿ ಬಂದಿದ್ದಾಳೆ ಅಂದಿದ್ದೇನೆ. ಉಳಿದದ್ದು ನೀನೇ ಹೇಳು. ಅದು ನಿನ್ನ ಮಾತು, ನಾನು ಆಡಬಾರದು."

ಅಷ್ಟರಲ್ಲಿ ಹೊನ್ನಿ ಒಳಗೆ ಬಂದಳು. ಬಿಯ್ಯಾತು ಎಂದು ಹೆಸರಿಟ್ಟಿದ್ದಾರೆ. ಕುಪ್ಪಾಯವೆನ್ನುವ ಬಿಳಿಯ ಉದ್ದತೋಳಿನ ರವಿಕೆ, ತಲೆಯ ಮೇಲೆ ಬಿಳಿ ವಸ್ತ್ರ, ಕಿವಿಯ ಅಂಚಿನುದ್ದಕ್ಕೂ ಸಣ್ಣ ಬೆಳ್ಳಿ ಉಂಗುರಗಳು. ಆ ಬಟ್ಟೆಯೊಳಗಿನಿಂದ ನಮ್ಮ ಅವ್ವ ನನ್ನನ್ನು ನೋಡಿದಳು, ಸಿದ್ದಿ. ಅದೇ ಅಗಲ ಹಣೆ, ಅದೇ ಒಂದು ಹುಬ್ಬು ಎತ್ತಿ ನೋಡುವ ರೀತಿ. ನಡಿಗೆ ನಿನ್ನದು, ಬಲಗಾಲನ್ನು ಸ್ವಲ್ಪ ಒತ್ತಿ ಇಡುತ್ತಾಳೆ. ನಾನು ಮಂಚದ ಕಾಲು ಹಿಡಿದುಕೊಂಡು ಕೂತೆ. ಅವಳು ನನ್ನನ್ನು ಅಮ್ಮಾಯಿ ಎಂದು ಕರೆದಳು. ನಮ್ಮ ಕಡೆ ಅತ್ತೆ ಅಂದ ಹಾಗೆ. ಕಾಲಿಗೆ ನೀರು ಕೊಟ್ಟಳು, ಅಕ್ಕಿರೊಟ್ಟಿ, ಮೀನುಸಾರು ಬಡಿಸಿದಳು.

ಗಂಡ ದೋಣಿಯಲ್ಲಿ ಹಗ್ಗ ಸಾಗಿಸುತ್ತಾನೆ, ದಿನಾ ಸಂಜೆ ಮನೆಗೆ ಬರುತ್ತಾನೆ. ಆ ಊರಿನಲ್ಲಿ ಅದೇ ಭಾಗ್ಯ. ಐದು ವರ್ಷದ ಮಗ, ಎರಡು ವರ್ಷದ ಮಗಳು. ಆ ಚಿಕ್ಕದು ಮೊದಲ ದಿನವೇ ನನ್ನ ತೊಡೆಯ ಮೇಲೆ ನಿದ್ದೆ ಮಾಡಿತು. ನಾನು ಅಲುಗಾಡದೆ ಕೂತಿದ್ದೆ. ಕಾಲು ಜೋಮು ಹಿಡಿದು ಕಲ್ಲಾದರೂ ಏಳಲಿಲ್ಲ.

ಮೂರು ದಿನ ಇದ್ದೆ. ಹೊರಡುವ ದಿನ ಕುಂಞಾಮಿ ನನ್ನ ತಲೆ ಸವರಿ, "ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನೀನು ಬಂದುಬಿಡುತ್ತೀಯ ಅಂತ ಏಳು ಮಳೆಗಾಲ ಹೆದರಿಕೊಂಡೇ ಇದ್ದೆ" ಅಂದಳು. ಬಿಯ್ಯಾತು ಕಡವಿನ ತನಕ ಬಂದು, ಒಣಸಿಗಡಿಯ ಒಂದು ಗಂಟು ಕೊಟ್ಟಳು. ದೋಣಿ ನಡುನೀರಿಗೆ ಬಂದಾಗ ತಿರುಗಿ ನೋಡಿದೆ. ದಡದಲ್ಲಿ ಬಿಳಿ ಬಟ್ಟೆಯ ಹೆಂಗಸರು ಐದಾರು ಜನ ನಿಂತಿದ್ದರು, ಅವರಲ್ಲಿ ನನ್ನವಳು ಯಾರೆಂದು ಗುರುತು ಹತ್ತಲಿಲ್ಲ.

ಮನೆಗೆ ಬಂದ ಮೇಲೂ ಆ ಸಿಪ್ಪೆ ಬಡಿಯುವ ಸದ್ದು ನಿಂತಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಕೂತರೆ ಹಿತ್ತಿಲಿನಿಂದ ಕೇಳಿಸುತ್ತದೆ. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ಸೊಸೆ, "ಏನತ್ತೆ, ಯಾರು ಬಂದ್ರು?" ಅಂತ ಕೇಳುತ್ತಾಳೆ. ನಾಯಿ ಅನ್ನುತ್ತೇನೆ.

ನಿನಗೂ ನಿನ್ನ ಯಜಮಾನರಿಗೂ ಮಕ್ಕಳಿಗೂ ದೇವರು ಆಯಸ್ಸು ಆರೋಗ್ಯ ಕೊಡಲಿ. ನಿನ್ನ ಮಡಿಲು ಎಂದೂ ಬರಿದಾಗದಿರಲಿ. ಸೊಸೆಯ ಹೆರಿಗೆಗೆ ನೀನು ಬರಲೇಬೇಕು.

ಇಂತಿ ನಿನ್ನ ಅಕ್ಕ,
ವನಜಮ್ಮ

ಮತ್ತೆ ಬರೆದದ್ದು:

ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಅವಳಿಗೆ ಹೇಳಿದೆಯಾ ಎಂದು ನೀನು ಕೇಳುತ್ತೀಯೆ. ಮುಚ್ಚಿಟ್ಟು ಕಳಿಸಿದರೆ ಈ ಕಾಗದವೂ ಆ ಕಲ್ಲಿನ ಹಾಗೇ ಆಗುತ್ತದೆ.

ಎರಡನೆಯ ದಿನ ಬೆಳಿಗ್ಗೆ ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ಹಗ್ಗ ಹೊಸೆಯುತ್ತಾ ಅವಳೇ ಕೇಳಿದಳು. "ಅಮ್ಮಾಯಿ, ನೀವು ಲೈನಿನಲ್ಲಿ ನನ್ನನ್ನು ಹೆತ್ತವಳ ಜೊತೆ ಇದ್ದವರು. ಅವಳು ಬದುಕಿದ್ದಾಳಾ? ಇದ್ದರೆ ಅವಳನ್ನು ಒಂದೇ ಮಾತು ಕೇಳಬೇಕು. ಅಂದ್ರು ಕಾಕ ತಿಂಗಳಿಗೆರಡು ಸಲ ಕೊಡಗಿಗೆ ಹೋಗಿ ಬರುತ್ತಾನೆ. ಒಂದು ದಿನದ ದಾರಿ. ಇಪ್ಪತ್ತು ವರ್ಷದಲ್ಲಿ ಅವಳಿಗೆ ಆ ಒಂದು ದಿನ ಯಾಕೆ ಸಿಗಲಿಲ್ಲ?"

ಒಳಗೆ ಕುಂಞಾಮಿಯ ಕೆಮ್ಮು ನಿಂತಿತು. ಹೇಳಬೇಕೆಂದೇ ಹೋದವಳು ನಾನು. ದಾರಿಯುದ್ದಕ್ಕೂ ಆ ಮಾತನ್ನೇ ಕಟ್ಟಿಕೊಂಡು ಹೋಗಿದ್ದೆ. ಅವಳ ಒಂದು ಹುಬ್ಬು ಮೇಲೆ ಎದ್ದಿತ್ತು. ನಾನು ಅಂದೆ: "ಇಲ್ಲಮ್ಮ. ಅವಳು ಆ ವರ್ಷದ ಜ್ವರದಲ್ಲೇ ತೀರಿಹೋದಳು."

ಅವಳು ಹಗ್ಗ ಕೆಳಗಿಟ್ಟು ಅತ್ತಳು. ಅಳುತ್ತಾ ಅಳುತ್ತಾ ಅವಳ ಮುಖ ಹಗುರಾಯಿತು, ಅದನ್ನು ನಾನು ಕಣ್ಣಾರೆ ನೋಡಿದೆ. "ಹಾಗಾದರೆ ಬಾರದೇ ಇದ್ದದ್ದು ಅವಳ ತಪ್ಪಲ್ಲ. ಪಾಪ, ಸುಮ್ಮನೆ ಇಷ್ಟು ವರ್ಷ ಅವಳನ್ನು ಬೈದೆ" ಅಂದಳು. ನನ್ನ ಸೆರಗಿನಿಂದ ಅವಳ ಕಣ್ಣೊರೆಸಿದೆ. ಒಳಗೆ ಕುಂಞಾಮಿಯ ಕೆಮ್ಮು ಮತ್ತೆ ಶುರುವಾಯಿತು.

ಮಧ್ಯಾಹ್ನ ಅವಳು, ಹೆತ್ತವಳ ಹೆಸರಿನಲ್ಲಿ ಕುರಾನು ಓದಿಸಬಹುದೇ ಎಂದು ಮಸೀದಿಯ ಗುರುಗಳಾದ ಮುಸಲಿಯಾರರನ್ನು ಕೇಳಿಸಿದಳಂತೆ. ನಮ್ಮ ಮತದವಳಲ್ಲ, ಅವಳ ಹೆಸರಿನಲ್ಲಿ ಓದಲು ಬರುವುದಿಲ್ಲ, ಮಕ್ಕಳಿಗೆ ಉಣ್ಣಲು ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ಹೇಳಿ ಕಳಿಸಿದರು. ಅವಳು ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಕಾಯಿಸಿ, ನೆರೆಯ ಏಳು ಮಕ್ಕಳನ್ನು ಕರೆದು ಸಾಲಾಗಿ ಕೂರಿಸಿದಳು. ಸತ್ತುಹೋದ ತಾಯಿಯ ಹೆಸರಿನಲ್ಲಿ ಅಂತ ಅವರಿಗೆ ಹೇಳಿದಳು. ಆಮೇಲೆ ನನ್ನ ಮುಂದೆಯೂ ಒಂದು ಬಟ್ಟಲು ಇಟ್ಟು, "ನೀವು ಅವಳ ಗೆಳತಿ, ನೀವು ಉಂಡರೆ ಅವಳಿಗೆ ತಲುಪುತ್ತದೆ" ಅಂದಳು.

ನಾನು ಉಂಡೆ, ಸಿದ್ದಿ. ಎರಡನೆಯ ಸಲ ಬಡಿಸಿದಳು. ಅದನ್ನೂ ಉಂಡೆ.