ಅಕ್ಕನ ದನಿಯಲ್ಲಿ

ಹ್ಯಾರೋ, ಲಂಡನ್
೨೩ ಜೂನ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ವಿಕಾಸನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಅವ್ವನ ಶುಗರು ಹತೋಟಿಯಲ್ಲಿದೆಯೋ, ಇಲ್ಲಾ ಈಗಲೂ ನಿನ್ನ ಕಣ್ಣು ತಪ್ಪಿಸಿ ಚಹಾಕ್ಕೆ ಸಕ್ಕರೆ ಸುರಿದುಕೊಳ್ಳುತ್ತಾಳೋ? ಸೌಂದರ್ಯಕ್ಕ ಇದ್ದಿದ್ದರೆ ಲಂಡನ್ನಿನಿಂದಲೇ ಗದರಿ ಬಿಡಿಸುತ್ತಿದ್ದಳು. ಈ ಕಾಲದಲ್ಲೂ ಇವಳು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಈಗ ಬ್ಯಾಡ" ಎನ್ನುತ್ತೀ. ಕಾಗದದ ಬಾಯಿ ನೀನು ಮುಚ್ಚಿಸಲಾರೆ. ಅವ್ವನ ಕೈಗೆ ಸಿಗದಿರಲೆಂದು ಧಾರವಾಡದ ನಿನ್ನ ಆಫೀಸಿನ ವಿಳಾಸಕ್ಕೇ ಹಾಕುತ್ತಿದ್ದೇನೆ.

ನಿನ್ನೆ ರವಿವಾರ ಇಲ್ಲಿ ಸ್ತನ ಕ್ಯಾನ್ಸರಿನ ಸಹಾಯನಿಧಿಗಾಗಿ ನಡಿಗೆ ಇತ್ತು. ಗುಲಾಬಿ ಟೋಪಿ ಹಾಕಿಕೊಂಡು ಪಾರ್ಕು ಸುತ್ತಿದರೆ ಹೋದವರು ಬರುತ್ತಾರೆಯೇ ಎಂದು ಮೂಗು ಮುರಿದವಳೇ ನಾನು. ಆದರೆ ಅಕ್ಕ ಹೋದ ಮೇಲೆ ಕೊಲಿಂಡೇಲಿನ ಫ್ಲ್ಯಾಟಿನಲ್ಲಿ ಒಬ್ಬರೇ ಇರುವ ಸಂದೀಪ ಮಾವ ಬೆಳಿಗ್ಗೆ ಬಂದು ಅವಳ ಬೂಟನ್ನು ನಮ್ಮ ಬಾಗಿಲಲ್ಲಿಟ್ಟರು. ನನ್ನ ಕಾಲಿಗೆ ಅವು ಸ್ವಲ್ಪ ದೊಡ್ಡವು. ಕಾಲುಚೀಲದ ಮೇಲೆ ಕಾಲುಚೀಲ ಹಾಕಿಕೊಂಡು ಹೊರಟೆ.

ಅಲ್ಲಿ ಎಲ್ಲರ ಬೆನ್ನಿಗೂ ಒಂದು ಕಾಗದ. ಯಾರಿಗಾಗಿ ನಡೆಯುತ್ತೇವೋ ಅವರ ಹೆಸರು ಅದರ ಮೇಲೆ. ಬದುಕಿರುವವರಿಗೆ ಒಂದು ಬಣ್ಣ, ತೀರಿಕೊಂಡವರಿಗೆ ಇನ್ನೊಂದು. ಯಾವುದು ಬೇಕು ಎಂದು ಮೇಜಿನ ಹಿಂದಿದ್ದ ಅಜ್ಜಿ ಕೇಳಿದಾಗ ನನ್ನ ಕೈ ಸೀದಾ ಬದುಕಿರುವವರ ಕಾಗದಕ್ಕೆ ಹೋಯಿತು. ನೋಡು, ಸುಳ್ಳು ಅಷ್ಟು ರೂಢಿಯಾಗಿದೆ ನನಗೆ. ಮಾವನೇ ಅದನ್ನು ಬಿಡಿಸಿ ಇನ್ನೊಂದನ್ನು ಕೊಟ್ಟರು.

ನಡೆಯುವಾಗ ಹಿಂದಿನವರು "ಸೌಂದರ್ಯಾ" ಎಂದು ತಡವರಿಸಿ ಓದಿ, ಮುಂದೆ ಬಂದು ಹೆಗಲು ಮುಟ್ಟಿ ಹೋಗುತ್ತಿದ್ದರು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಂಗಸರು ಸುತ್ತ ಕೂತು ಅವರ ಗುಣ ಹಾಡಾಡಿಕೊಂಡು ಅಳುತ್ತಾರೆ. ಅಕ್ಕನಿಗೆ ಅದು ಸಿಗಲಿಲ್ಲ. ಅವಳ ಫೋಟೋಕ್ಕೆ ಒಂದು ಮಾಲೆಯನ್ನೂ ಹಾಕಿಲ್ಲ ನಾವು. ಗುರುತಿಲ್ಲದ ಮಂದಿಯ ನಡುವೆ, ಅವಳ ಬೂಟಿನಲ್ಲಿ, ದಾರಿಯುದ್ದಕ್ಕೂ ಬಾಯಿಬಿಟ್ಟು ಅತ್ತೆ, ವಿಕಾಸ. ಯಾರೂ ಸುಮ್ಮನಿರು ಎನ್ನಲಿಲ್ಲ. ಆ ನಡಿಗೆಯಿಂದ ಬೇರೆಯವರಿಗೆ ಏನಾಯಿತೋ ಕಾಣೆ, ನನಗೆ ಮಾತ್ರ ಅಕ್ಕನ ಮಣ್ಣಿಗೆ ನಿಜವಾಗಿ ಈಗ ಹೋಗಿಬಂದ ಹಾಗಾಯಿತು.

ಹೋದ ದೀಪಾವಳಿಗೆ ಮುಂಚೆ ಅವಳು ತೀರಿಕೊಂಡಾಗ "ಅವ್ವಗ ಹೇಳಬ್ಯಾಡ, ಆಕಿ ಎದಿ ತಡಕೊಳ್ಳಂಗಿಲ್ಲ" ಎಂದು ನೀನು ಅಂದೆ, ನಾನು ಹೂಂ ಅಂದೆ. ಅಕ್ಕತಂಗಿಯರ ದನಿ ಒಂದೇ ಎಂದು ಓಣಿಯೆಲ್ಲ ಅನ್ನುತ್ತಿತ್ತಲ್ಲ, ಅದೇ ನನ್ನ ಕೊರಳಿಗೆ ಬಂತು. ಪ್ರತಿ ವಾರ ಮೊದಲು ನಾನು ನಾನಾಗಿ ಮಾತಾಡುತ್ತೇನೆ. ಅಕ್ಕ ವಾರವಾರ ನಮ್ಮ ಮನೆಗೆ ಬರುತ್ತಾಳೆಂದು ಹೇಳಿದ್ದೇವಲ್ಲ, ಆಮೇಲೆ ಅವ್ವ "ಸೌಂದರ್ಯಾನ ಕೊಡು" ಅನ್ನುತ್ತಾಳೆ. ಗಂಟಲು ಸರಿಮಾಡಿಕೊಂಡು ಅಕ್ಕನಾಗುತ್ತೇನೆ. ಫೋನು ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂರುತ್ತೇನೆ. ಇನ್ನು ನನ್ನಿಂದಾಗದು. ನೀನೇ ಅವ್ವನ ಹತ್ತಿರ ಕೂತು ಹೇಳು, ಇಲ್ಲವೇ ನಾನು ಬಂದು ಹೇಳುತ್ತೇನೆ, ಬೇಡ ಅನ್ನಬೇಡ.

ನಿನ್ನ ಹೆಂಡತಿಗೆ, ಮಕ್ಕಳಿಗೆ ನನ್ನ ನೆನಪು ತಿಳಿಸು. ಬೆನ್ನಿಗೆ ಬಿಸಿ ಎಣ್ಣೆ ಹಚ್ಚಿಸಿಕೋ. ಶಿವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಸಣ್ಣಕ್ಕ,
ಸೌಜನ್ಯಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವನ ಫೋನು ಬಂತು. ನೀನು ಆಫೀಸಿಗೆ ಹೋದ ಮೇಲೆ ಪಕ್ಕದ ಮನೆಯ ವತ್ಸಲಾಳಿಂದ ನಂಬರು ಹಚ್ಚಿಸಿದ್ದಾಳೆ. "ಚಾದಾಗ ಸಕ್ರಿ ಹಾಕ್ಕೋತೀನಿ ಅಂತ ಸೌಂದರ್ಯಾಗ ಬೇಕಂತನ ಹೇಳತಿದ್ದೆ. ಆಕಿ ಆಗಿದ್ರ ಬೈತಿದ್ಲು. ನೀ ಒಂದ್ ಸಲಾನೂ ಬೈಲಿಲ್ಲವ್ವಾ" ಅಂದಳು. ಅವಳಿಗೆ ಮೊದಲಿನಿಂದಲೇ ಗೊತ್ತಿತ್ತು. ನಮ್ಮಿಬ್ಬರ ಎದೆ ಒಡೆಯಬಾರದೆಂದು ಅವಳೂ ಸುಮ್ಮನಿದ್ದಳಂತೆ. "ವಿಕಾಸಗ ನೀನ ತಿಳಸು, ನನ್ನ ಮುಂದ ಅವಗ ಅಳಾಕ ಬರಂಗಿಲ್ಲ" ಅಂದಳು. ಆಮೇಲೆ, "ಇದೊಂದ್ ಸಲ ಸೌಂದರ್ಯಾನ ಕೊಡು. ಹೋಗಿ ಬಾ ಅಂತ ಹೇಳೋದು ಉಳದೈತಿ." ನಾನು ಗಂಟಲು ಸರಿಮಾಡಿಕೊಂಡೆ. ಅವಳು ಹೇಳಿದಳು. ಹೊರಡುವಾಗ ಹೋಗ್ತೀನಿ ಅನ್ನಬಾರದು ಎಂದು ನಮಗೆ ಕಲಿಸಿದವಳೇ ಅವಳು. "ಬರ್ತೀನವ್ವಾ" ಅಂದೆ, ಅಕ್ಕನ ದನಿಯಲ್ಲಿ.