ಚಂದ್ರನ ಹಡಗಿಗೆ ಹೊರಟ ಇಷ್ಟಲಿಂಗ

ಅದಿರು ಹುಡುಕುವ ಕಚೇರಿಯ ದೊಡ್ಡ ಸಾಹೇಬರೇ,

ನನ್ನ ಗಂಡನ ಇಷ್ಟಲಿಂಗವನ್ನು ಸ್ಯಾಂಪಲ್ ಚೀಲಕ್ಕೆ ಹಾಕಿಕೊಂಡು ಹೋಗಿದ್ದೀರಿ. ವಾಪಸು ಕೊಡಿ. ವಿಷಯ ಇಷ್ಟೇ, ಮಿಕ್ಕಿದ್ದೆಲ್ಲ ಬೈಗುಳ. ಕಚೇರಿಗೆ ಕೊಟ್ಟ ಅರ್ಜಿಯನ್ನು ನೀವು ಓದಲಿಲ್ಲ, ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ, ಊರೆಲ್ಲ ಓದಲಿ.

ನನ್ನದು ಐಗಳ ಮಠದ ಮರಳ ಮೇಲೆ ತಿದ್ದಿದ ಅಕ್ಷರ. ಆದರೂ ಅಜ್ಜೀಪುರದ ಚಾವಡಿಯಲ್ಲಿ ಗೋಡೆಗೆ ಚಿತ್ರ ಬಿಟ್ಟು ನೀವು ಮಾಡಿದ ಭಾಷಣ ಪೂರಾ ತಿಳಿಯಿತು. ಚಂದ್ರನಿಗೆ ಹೋಗುವ ಹಡಗಿಗೆ ಸೌದೆ ಬೇಡ, ಅಣುವಿನ ಒಲೆ ಸಾಕು. ಕಲ್ಲು ತಾನೇ ಕಾಯುತ್ತದೆ, ಆ ಕಾವಿಗೆ ಆವಿ ಹಿಂದಕ್ಕೆ ನುಗ್ಗುತ್ತದೆ, ಹಡಗು ಮುಂದಕ್ಕೆ ಹೋಗುತ್ತದೆ. ಒಲೆಯ ಹತ್ತಿರ ಹೋದವರು ಸಾಯುತ್ತಾರೆ, ಆದ್ದರಿಂದ ಒಲೆ ಆ ತುದಿ, ಜನ ಈ ತುದಿ, ನಡುವೆ ದಪ್ಪ ಗೋಡೆ. ಥೇಟು ನಿಮ್ಮ ಕಚೇರಿ. ಇನ್ನೊಂದು ಬಗೆಯೂ ಉಂಟಂತೆ: ಅದೇ ಕಾವಿನಿಂದ ಕರೆಂಟು ತೆಗೆದು, ಕಣ್ಣಿಗೆ ಕಾಣದ ಕಣಗಳನ್ನು ಹಿಂದಕ್ಕೆ ಎಸೆಯುವುದು. ನೂಕು ವೀಳ್ಯದೆಲೆಯಷ್ಟು ಹಗುರ, ಆದರೆ ತಿಂಗಳುಗಟ್ಟಲೆ ಬಿಡದೆ ನೂಕಿದರೆ ಎಲ್ಲಿಗೆ ಬೇಕಾದರೂ ಮುಟ್ಟಿಸುತ್ತದೆ. ಅತ್ತೆಯರು ಸೊಸೆಯನ್ನು ತವರಿಗೆ ಅಟ್ಟುವುದೂ ಹೀಗೆಯೇ. ಇದಕ್ಕೆ ಇಷ್ಟು ಓದಬೇಕಿತ್ತೇ?

ಒಲೆಯ ಕಲ್ಲು ಕಪ್ಪಗೆ, ರಾಳದ ಹಾಗೆ ಮಿರಮಿರ ಹೊಳೆಯುತ್ತದೆ ಎಂದಿರಿ. ಮುಂದಿನ ವಾರವೇ ಟಿಕ್ ಟಿಕ್ ಅನ್ನುವ ಡಬ್ಬಿ ಹಿಡಿದು ನಮ್ಮ ಹೊಲದ ಮೂಲೆ ಅಗೆಸಿದಿರಿ. ಅಲ್ಲಿ, ಬಿಲ್ವದ ಕೆಳಗೆ, ನಮ್ಮ ಯಜಮಾನರ ಸಮಾಧಿ. ನೀವು ಸತ್ತವರನ್ನು ಸುಟ್ಟು ಕೈ ತೊಳೆದುಕೊಳ್ಳುವ ಜನ. ನಾವು ಕೂರಿಸುತ್ತೇವೆ. ಬದುಕೆಲ್ಲ ಎದೆಯ ಮೇಲೆ ಕಟ್ಟಿಕೊಂಡಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ, ಪತ್ರೆ ತುಂಬಿ ಮಣ್ಣು ಮುಚ್ಚುತ್ತೇವೆ. ಆ ಲಿಂಗಕ್ಕೆ ಬಳಿದ ಲೇಪವೂ ಕಪ್ಪು, ಮಿರಮಿರ ಹೊಳೆಯುವಂಥದ್ದು.

ನಾನು ಓಡಿ ಬರುವ ಹೊತ್ತಿಗೆ ನಿಮ್ಮ ಗುಮಾಸ್ತ ಎಲುಬು ಪಕ್ಕಕ್ಕೆ ಸರಿಸಿ, “ಸಿಕ್ತು ಸಾರ್, ನೀವು ಹೇಳಿದ ಕಲ್ಲೇ!” ಎಂದು ಕುಣಿಯುತ್ತಿದ್ದ. ನನ್ನ ಮಗ ಪುಟ್ಟಮಾದಪ್ಪ ಕೈಕಟ್ಟಿಕೊಂಡು ನಿಂತಿದ್ದ.

“ಲೇ, ನಿಮ್ಮಪ್ಪನ ಅಂಗೈ ಬಿಡುಸ್ತಾವ್ರೆ, ನೋಡ್ತಾ ನಿಂತಿದ್ದೀಯೇನ್ಲಾ?” ಎಂದೆ.

“ಸುಮ್ಕಿರವ್ವ, ಸರ್ಕಾರದ ಕೆಲ್ಸ. ಆಮ್ಯಾಕೆ ಕೊಡ್ತಾರೆ.”

“ಆಮ್ಯಾಕೆ ಕೊಡಾಕೆ ಅದೇನು ಪಕ್ಕದ್ಮನೆಯೋರು ತಕಂಡೋದ ಒಲೆ ಊದೋ ಕೊಳವೆಯೇನ್ಲಾ?”

ಅದು ಲಿಂಗವೆಂದು ನಿಮಗೂ ಹೇಳಿದೆ. ನೀವು ನಕ್ಕಿರಿ. “ಅಜ್ಜಿ, ನಿಮ್ಮ ಯಜಮಾನರು ಕೊಳ್ಳೇಗಾಲವನ್ನೇ ದಾಟಿದವರಲ್ಲವಂತೆ. ಈಗ ಚಂದ್ರಲೋಕಕ್ಕೇ ಹೋಗುತ್ತಾರೆ. ಪುಣ್ಯ ಅಂದುಕೊಳ್ಳಿ.”

ಕೊಳ್ಳೇಗಾಲ ದಾಟಲಿಲ್ಲ, ನಿಜ. ಯಾರ ಸಮಾಧಿಗೂ ಕೈ ಹಾಕಲೂ ಇಲ್ಲ. ಎಲುಬು ಕಂಡರೂ ಮನುಷ್ಯ ಕಾಣದ ನಿಮ್ಮ ಕಣ್ಣಿಗೆ ಚಂದ್ರನಲ್ಲಿ ಏನು ತಾನೇ ಕಂಡೀತು? ನಾಳೆ ನಿಮ್ಮ ತಾಯಿಯ ಚಿತೆಯಿಂದ ನಾನು ಕೆಂಡ ತಂದು ಮುದ್ದೆ ಬೇಯಿಸಿಕೊಂಡು “ಪುಣ್ಯ ಅಂದುಕೊಳ್ಳಿ” ಅಂದರೆ ನಗುತ್ತೀರಾ?

ಅದಿರನ್ನು ಕುಟ್ಟಿ ಪುಡಿಮಾಡಿ ಪರೀಕ್ಷಿಸುತ್ತಾರೆ, ಚೀಲ ಇನ್ನೂ ಕಚೇರಿಯಲ್ಲೇ ಇದೆ ಎಂದು ನಿಮ್ಮ ಜವಾನ ನಾಗಯ್ಯ ಹೇಳಿದ. ಆ ಕಚೇರಿಯಲ್ಲಿ ಬಾಯಿಬಿಟ್ಟು ನಿಜ ಹೇಳಿದವನು ಅವನೊಬ್ಬನೇ. ಅದಕ್ಕಾಗಿ ಅವನನ್ನು ಕೆಲಸದಿಂದ ತೆಗೆದೀರಿ, ಜೋಕೆ.

ಕುಟ್ಟುವ ಮುಂಚೆ ಲಿಂಗವನ್ನು ನೀವೇ ಹೊತ್ತು ತನ್ನಿ. ಆ ಮೂಳೆಗಳನ್ನು ಕೂಡಿಸಿ, ಅಂಗೈಯಿದ್ದ ಕಡೆಯಲ್ಲೇ ಅದನ್ನಿಟ್ಟು, ನಿಮ್ಮ ಕೈಯಾರೆ ಮಣ್ಣೆಳೆಯಿರಿ. ಪ್ಯಾಂಟು ಕೊಳೆಯಾದರೆ ನಾನು ಒಗೆದು ಕೊಡುತ್ತೇನೆ. ನಮ್ಮ ಯಜಮಾನರ ಎಡಪಕ್ಕದ ಜಾಗ ನನ್ನದು. ನೀವು ಚಂದ್ರನಿಗೆ ಹೋಗುವುದು ಅನುಮಾನ, ನಾನು ಆ ಜಾಗಕ್ಕೆ ಹೋಗುವುದು ಖಂಡಿತ. ಬರಿಗೈಯಲ್ಲಿ ಕೂತವರ ಪಕ್ಕದಲ್ಲಿ ನಾನು ಯಾವ ಮುಖ ಹೊತ್ತು ಕೂರಲಿ?

ಇಂತಿ,
ನಿಮ್ಮ ಸ್ಯಾಂಪಲಿನ ಹೆಂಡತಿ,
ಚನ್ನಾಜಮ್ಮ, ಅಜ್ಜೀಪುರ